ಕೂರಿಸಿದ ಗ್ರಾನೈಟ್ ಕಟ್ಟೆಗೆ ಮನೆಯೊಳಗೇ ಕಂಡಿ ಕೊಯ್ಯಿಸುವವರೇ, ಸ್ವಲ್ಪ ತಡೆಯಿರಿ

ಅಡುಗೆಮನೆಗೆ ಬಿಲ್ಟ್-ಇನ್ ಹಾಬ್, ಅಂದರೆ ಕಟ್ಟೆಯಲ್ಲಿ ಕೊಯ್ದ ಕಂಡಿಯೊಳಗೆ ಕೂರಿಸುವ ಒಲೆ, ತರುವ ಯೋಚನೆ ಇದ್ದರೆ, "ಕಟಿಂಗ್ ಫ್ರೀ, ನಮ್ಮ ಹುಡುಗನೇ ಬಂದು ಮಾಡಿಕೊಡ್ತಾನೆ" ಅನ್ನುವ ಅಂಗಡಿಯವರ ಮಾತಿಗೆ ತಲೆಯಾಡಿಸುವ ಮೊದಲು ಎರಡು ಪ್ರಶ್ನೆ ಕೇಳಿ. ಮೂಲೆಗಳನ್ನು ಹೇಗೆ ತೆಗೀತೀರಿ? ನೀರು ಬಿಟ್ಟು ಕೊಯ್ತೀರೋ, ಒಣಕಲಾಗಿಯೋ? ನಮ್ಮ ಮನೆಗೆ ಬಂದವನ ಹತ್ತಿರ ಎರಡಕ್ಕೂ ಸರಿಯಾದ ಉತ್ತರ ಇರಲಿಲ್ಲ. ಕಟ್ಟೆ ಬಿರುಕು ಬಿಟ್ಟಿತು, ಮನೆ ತುಂಬ ಧೂಳಾಯಿತು, ಅಸ್ತಮಾ ಇರುವ ನಮ್ಮ ಮಾವನವರು ನೆಬ್ಯುಲೈಜರ್ ಹಿಡಿದು ಕೂರುವಂತಾಯಿತು.

ಬಂದವನ ಕೈಯಲ್ಲಿ ಇದ್ದದ್ದು ನಾಲ್ಕಿಂಚಿನ ಗ್ರೈಂಡರ್. ಬ್ಲೇಡಿನ ಗಾರ್ಡ್ ಬಿಚ್ಚಿ ಎಸೆದು ಯಾವ ಕಾಲವಾಗಿತ್ತೋ. ವೈರಿಗೆ ಪ್ಲಗ್ ಇಲ್ಲ, ಎರಡು ಎಳೆಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಒತ್ತಿದ.

"ನೀರು ಹಾಕಲ್ವೇನಪ್ಪಾ?"

"ನೀರು ಹಾಕಿದ್ರೆ ಶಾಕ್ ಹೊಡೀತದಮ್ಮಾ. ಒಣಗಿರೋದೇ ಬೆಸ್ಟು. ಹತ್ತು ನಿಮಿಷದ ಕೆಲಸ, ನೀವು ಆಚೆ ಕೂತಿರಿ."

ಆ ಮೆಷಿನ್‌ಗೆ ಅವನ ಮಾತು ನಿಜವೇ. ಅಂಥ ವೈರಿನ ಗ್ರೈಂಡರ್ ಮೇಲೆ ಬಾಟಲಿಯಿಂದ ನೀರು ಸುರಿಯುವುದು ಜೀವದ ಜೊತೆ ಆಟ. ಎಷ್ಟೋ ಕಡೆ ಒಬ್ಬ ಕೊಯ್ಯುತ್ತಾನೆ, ಇನ್ನೊಬ್ಬ ಮಗ್ಗಿನಲ್ಲಿ ನೀರು ಹಾಕುತ್ತಾ ನಿಂತಿರುತ್ತಾನೆ. ಅದನ್ನು ಯಾರೂ ಒಪ್ಪಬೇಡಿ. ಹಾಗಂತ ಒಣಕಲಾಗಿ ಕೊಯ್ಯುವುದು ಪರಿಹಾರ ಅಲ್ಲ. ನೀರಿನ ಪೈಪ್ ಜೋಡಿಸಿಯೇ ಬರುವ ಕಟರ್ ಬೇಕು, ಅದರ ಹಿಂದೆ 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್) ಇರಬೇಕು. ನಿಮ್ಮ ಮನೆಯ ಮೀಟರ್ ಬೋರ್ಡಿನಲ್ಲಿ ಅದಿದೆಯೋ ಇಲ್ಲವೋ ನೋಡಿಕೊಳ್ಳಿ, ಅದರ ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಟ್ರಿಪ್ ಆಗಬೇಕು.

ಇನ್ನು ಮೂಲೆಯ ವಿಷಯ. ಕಲ್ಲು ಒಡೆದದ್ದು ಅಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಲೇಡ್ ದುಂಡಗಿದೆ, ಕಲ್ಲಿನ ದಪ್ಪ 18 ಮಿಲಿಮೀಟರ್. ಕಲ್ಲಿನ ತಳದಲ್ಲಿ ಗೀಟು ಮೂಲೆಗೆ ಮುಟ್ಟಬೇಕೆಂದರೆ ಮೇಲ್ಭಾಗದಲ್ಲಿ ಬ್ಲೇಡ್ ಗುರುತು ದಾಟಿ ಅರ್ಧ ಇಂಚಿನಷ್ಟು ಮುಂದೆ ಹೋಗಲೇಬೇಕು. ಎರಡು ಕಡೆಯಿಂದಲೂ ಹೀಗೆ ದಾಟಿದಾಗ ಪ್ರತಿ ಮೂಲೆಯಲ್ಲೂ ಕೂಡಿಸುವ ಚಿಹ್ನೆಯಂಥ ಗಾಯ ಉಳಿಯುತ್ತದೆ. ಬಟ್ಟೆಯ ಅಂಚಿಗೆ ಕತ್ತರಿಯಲ್ಲಿ ಒಂದು ಕಚ್ಚು ಹಾಕಿ ಎಳೆದರೆ ಅಲ್ಲಿಂದಲೇ ಹರಿಯುತ್ತದಲ್ಲ, ಕಲ್ಲೂ ಹಾಗೇ. ಹಾಬ್‌ನ ಗಾಜು ಮೇಲೆ ಕೂತ ಮೇಲೆ ಆ ಗಾಯ ಕಾಣುವುದಿಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಅದರ ಮೇಲೆ ಭಾರದ ಲೆಕ್ಕ. ನಮ್ಮ ಹಾಬ್‌ಗೆ ಬೇಕಿದ್ದ ಕಂಡಿ 56 ಸೆಂಟಿಮೀಟರ್ ಅಗಲ, 48 ಸೆಂಟಿಮೀಟರ್ ಒಳಕ್ಕೆ. ಅಷ್ಟು ಗ್ರಾನೈಟ್ ತುಂಡು ಸುಮಾರು 13 ಕೆಜಿ ತೂಗುತ್ತದೆ. ಕೆಳಗೆ ಆಸರೆ ಕೊಡದೆ ನಾಲ್ಕೂ ಬದಿ ಕೊಯ್ದರೆ ಕೊನೆಯ ಮೂಲೆ ಬಿಡುವ ಹೊತ್ತಿಗೆ ಆ ಪೂರ್ತಿ ಭಾರ ಅದೊಂದೇ ಮೂಲೆಗೆ ಜೋತುಬೀಳುತ್ತದೆ. ಎರಡಡಿಯ ಕಟ್ಟೆಯಲ್ಲಿ ಇಷ್ಟು ದೊಡ್ಡ ಕಂಡಿ ತೆಗೆದರೆ ಮುಂದೆ ಉಳಿಯುವ ಪಟ್ಟಿ ಎರಡೂವರೆ ಇಂಚು, ಹಿಂದೆ ಅಷ್ಟೇ. ನಮ್ಮಲ್ಲಿ ತುಂಡು ಧೊಪ್ಪೆಂದು ಕೆಳಗಿನ ಕಪಾಟಿಗೆ ಬಿತ್ತು, ಜೊತೆಗೇ 'ಟಕ್' ಅಂತ ಇನ್ನೊಂದು ಸದ್ದು.

ಒದ್ದೆ ಬಟ್ಟೆಯಲ್ಲಿ ಕಟ್ಟೆ ಒರೆಸಿದೆ. ಕಲ್ಲೆಲ್ಲ ಒಣಗಿತು. ಎಡಗಡೆ ಮುಂದಿನ ಮೂಲೆಯಿಂದ ಅಂಚಿನವರೆಗೆ ಕೂದಲೆಳೆಯಷ್ಟು ಒಂದು ಗೆರೆ ಮಾತ್ರ ಒದ್ದೆಯಾಗಿಯೇ ಇತ್ತು.

"ಅದು ಕಲ್ಲಿನ ನರ ಅಮ್ಮಾ, ಮೊದಲಿಂದಾನೂ ಇದ್ದಿದ್ದೇ."

ನರ ಅಲ್ಲ ಅದು. ನರವಾದರೆ ಉಗುರು ಆಡಿಸಿದಾಗ ನುಣ್ಣಗೆ ಜಾರುತ್ತದೆ, ಬಿರುಕಾದರೆ ಉಗುರು ಸಿಕ್ಕಿಕೊಳ್ಳುತ್ತದೆ. ಕುಕ್ಕರ್ ಇಟ್ಟು ಇಳಿಸಿ ಬಿಸಿ ತಗುಲುತ್ತಾ ತಗುಲುತ್ತಾ ಅದು ಎದ್ದು ಕಾಣುವ ಹಾಗಾಯಿತು. ಹಾಬ್ ಅಂಗಡಿಯವರನ್ನು ಕೇಳಿದರೆ "ಕಲ್ಲಿನ ಗ್ಯಾರಂಟಿ ನಮ್ಮದಲ್ಲ", ಕಲ್ಲು ಕೊಟ್ಟವರನ್ನು ಕೇಳಿದರೆ "ಕೊಯ್ದದ್ದು ನಾವಲ್ಲವಲ್ಲ". ಬಿಲ್ಲಿನಲ್ಲಿ ಕಟಿಂಗ್ ಅನ್ನುವ ಪದವೇ ಇಲ್ಲ, ಫ್ರೀ ಅಲ್ಲವೇ! ಈಗ ಕೆಳಗೆ ಕಬ್ಬಿಣದ ಆಂಗಲ್ ಕೊಟ್ಟು, ಬಿರುಕಿಗೆ ಬಣ್ಣ ಬೆರೆಸಿದ ಆರಲ್ಡೈಟ್ ತುಂಬಿಸಿದ್ದೇವೆ. ಅದಕ್ಕೆ ದುಡ್ಡು ನಮ್ಮದೇ.

ಆಮೇಲೆ ಬಂದು ನೋಡಿದ ಹಳೆಯ ಮೇಸ್ತ್ರಿಯೊಬ್ಬರು ಮಾಡಬೇಕಾದ ಕ್ರಮ ಹೇಳಿದರು. ಮೊದಲು ನಾಲ್ಕೂ ಮೂಲೆಯಲ್ಲಿ ಡೈಮಂಡ್ ಬಿಟ್‌ನಿಂದ ದುಂಡು ತೂತು ಹೊಡೆಯಬೇಕು. ಗೀಟುಗಳು ಬಂದು ಆ ತೂತಿನಲ್ಲಿ ಮುಗಿಯಬೇಕು, ಅದನ್ನು ದಾಟಬಾರದು. ದುಂಡು ಮೂಲೆಯಲ್ಲಿ ಒತ್ತಡ ಹಂಚಿಹೋಗುತ್ತದೆ, ಬಿರುಕು ಶುರುವಾಗಲು ಚೂಪಾದ ಜಾಗವೇ ಇರುವುದಿಲ್ಲ. ಕೊಯ್ಯುವ ಮೊದಲೇ ಕೆಳಗೆ ಮರದ ತುಂಡುಗಳನ್ನು ಕೊಟ್ಟು ಆಸರೆ ಮಾಡಬೇಕು. ಅಳತೆಯನ್ನು ಹಾಬ್‌ನ ಗಾಜಿನಿಂದ ತೆಗೆಯಬಾರದು, ಡಬ್ಬದಲ್ಲಿರುವ ಪುಸ್ತಕದಲ್ಲಿ ಕಟ್-ಔಟ್ ಅಂತ ಬೇರೆಯೇ ಅಳತೆ ಕೊಟ್ಟಿರುತ್ತಾರೆ. ನಮ್ಮವನು ಗಾಜಿನ ಸುತ್ತ ಪೆನ್ಸಿಲ್ ಎಳೆಯಲು ಹೊರಟಿದ್ದ! ತಡೆದು ಪುಸ್ತಕ ತೋರಿಸದಿದ್ದರೆ ಹಾಬ್ ಸೀದಾ ಕಪಾಟಿನೊಳಗೆ ಇಳಿಯುತ್ತಿತ್ತು.

ಧೂಳನ್ನು ನಾನು ಬರೀ ಗಲೀಜು ಅಂದುಕೊಂಡು ಬರೆಯುತ್ತಿಲ್ಲ. ನಮ್ಮದು ಇಳಕಲ್ ಕಡೆಯ ಕೆಂಪು ಗ್ರಾನೈಟ್. ನಿಜವಾದ ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್, ಅಂದರೆ ಸಿಲಿಕಾ ಹರಳು, ಐದನೇ ಒಂದು ಭಾಗಕ್ಕಿಂತ ಹೆಚ್ಚೇ ಇರುತ್ತದೆ. ಒಣಕಲಾಗಿ ಕೊಯ್ದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಕೆಳಗೆ ಬೀಳುತ್ತದೆ, ಕಾಣದಷ್ಟು ಸಣ್ಣದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುವುದು ಈ ಧೂಳಿನಿಂದಲೇ, ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಕಟ್ಟೆಗೆ ಫ್ಯಾಷನ್ ಆಗಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಂತೂ ಸಿಲಿಕಾ ಶೇ. 90ರ ಆಸುಪಾಸು ಇರಬಹುದು. ಅವನ್ನು ಕೊಯ್ಯುವ ಕೆಲಸಗಾರರಿಗೆ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಬಂದದ್ದಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವುಗಳನ್ನು ನಿಷೇಧಿಸಿತು. ಒಂದು ದಿನ ಧೂಳು ಕುಡಿದ ಮನೆಯವರಿಗೆ ಆ ಮಟ್ಟದ ಭಯ ಬೇಡ. ದಿನಾ ಇದನ್ನೇ ಮಾಡುವ ಆ ಹುಡುಗ ಮೂಗಿಗೆ ಕಟ್ಟಿಕೊಂಡಿದ್ದದ್ದು ಒಂದು ಕರ್ಚೀಫ್. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನನ್ನು ಹಾಗೆ ಕಳಿಸಿದವರ ಮೇಲೆ ಇದೆ. ಸಣ್ಣ ಧೂಳನ್ನು ಕರ್ಚೀಫ್ ತಡೆಯುವುದಿಲ್ಲ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಆದರೂ ಬೇಕು.

ಧೂಳು ಎದ್ದೇಬಿಟ್ಟರೆ ಪೊರಕೆ ಹಿಡಿಯಬೇಡಿ, ಫ್ಯಾನ್ ಹಾಕಬೇಡಿ. ಕಿಟಕಿ ತೆರೆದಿಟ್ಟು, ಒದ್ದೆ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ಒರೆಸಿ. ಮುಚ್ಚಿದ ಕಪಾಟಿನೊಳಗೆ, ಮುಚ್ಚಳ ಹಾಕಿದ ಸ್ಟೀಲ್ ಡಬ್ಬಗಳ ಕಂಠದಲ್ಲಿ, ಫ್ರಿಜ್ಜಿನ ಹಿಂದೆ, ಚಿಮಣಿಯ ಜಾಲರಿಯಲ್ಲಿ, ಎಲ್ಲೆಲ್ಲೂ ನಮಗೆ ಸಿಕ್ಕಿತು.

ಟೈಲ್ಸ್ ಬಗ್ಗೆಯೂ ಒಂದೆರಡು ಮಾತು. ಗೋಡೆಯ ಸಾದಾ ಸೆರಾಮಿಕ್ ಟೈಲ್ ಮೆದು, ಭರ್ಜಿಯ ಮೊನೆಯಂಥ ಕಾರ್ಬೈಡ್ ಬಿಟ್ಟಿಗೆ ಬಗ್ಗುತ್ತದೆ. ವಿಟ್ರಿಫೈಡ್ ಹಾಗಲ್ಲ, ಅದು ನೀರನ್ನೇ ಶೇ. 0.5ಕ್ಕಿಂತ ಹೆಚ್ಚು ಹೀರದಷ್ಟು ಬಿಗಿ. ಅಲ್ಲಿ ಅದೇ ಬಿಟ್ ಜಾರುತ್ತದೆ, ಕಾದು ಮೊಂಡಾಗುತ್ತದೆ. ಕೆಲಸದವರು ಆಗ ಡ್ರಿಲ್ಲನ್ನು ಹ್ಯಾಮರಿಗೆ, ಅಂದರೆ ಕುಟ್ಟುತ್ತಾ ಕೊರೆಯುವ ಗುಂಡಿಗೆ, ತಿರುಗಿಸುತ್ತಾರೆ, ಟೈಲ್ ಬಿರಿಯುವುದು ಆ ಗಳಿಗೆಯಲ್ಲಿ. ಡೈಮಂಡ್ ಹೋಲ್ ಸಾ, ಅಂದರೆ ಬಳೆಯಂಥ ಅಂಚಿನ ಬಿಟ್, ಹಾಕಿಸಿ. ಹ್ಯಾಮರ್ ಆಫ್ ಇರಲಿ, ಓರೆ ಹಿಡಿದು ಶುರು ಮಾಡಿ ಗುರುತು ಕೂತ ಮೇಲೆ ನೆಟ್ಟಗೆ ಮಾಡಲಿ, ನಿಧಾನ ವೇಗ, ಸ್ಪಂಜಿನಿಂದ ನೀರು. ಬ್ಯಾಟರಿ ಡ್ರಿಲ್ ಆದರೆ ಶಾಕಿನ ಭಯವೂ ಕಡಿಮೆ. ಸಿಂಕಿನ ಮಿಕ್ಸರ್ ನಲ್ಲಿಗೆ ಸಾಮಾನ್ಯವಾಗಿ 35 ಮಿಲಿಮೀಟರ್ ತೂತು ಸಾಕು. ಕೊರೆಯುವ ಮೊದಲು ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಹಿಂದೆ ಸಿಮೆಂಟ್ ತುಂಬಿಲ್ಲ, ಆ ಜಾಗ ಸುಲಭವಾಗಿ ಒಡೆಯುತ್ತದೆ.

ರೌಂಡ್ ಆಕಾರವನ್ನು ಗ್ರೈಂಡರಿನಲ್ಲಿ ಒಂದೇ ಏಟಿಗೆ ತಿರುಗಿಸಿ ಕೊಯ್ಯಲು ಯಾರಿಗೂ ಬಿಡಬೇಡಿ. ಚಪ್ಪಟೆ ಬ್ಲೇಡ್ ಆಳವಾದ ತಿರುವಿನಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಒದೆಯುತ್ತದೆ. ನಾಲ್ಕಿಂಚಿನ ಬ್ಲೇಡ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟಿರುತ್ತದೆ. ತಿರುವಿನವರೆಗೆ ಹತ್ತಿರ ಹತ್ತಿರ ನೇರ ಗೀಟು ಹಾಕಿ, ನಡುವಿನ ಕಡ್ಡಿಗಳನ್ನು ಇಕ್ಕಳದಿಂದ ಮುರಿದು, ಉಳಿದದ್ದನ್ನು ತೇಯುವುದು ಸರಿಯಾದ ದಾರಿ. ತಡವಾಗುತ್ತದೆ, ಆಗಲಿ.

ಹೊಸದಾಗಿ ಕಟ್ಟೆ ಹಾಕಿಸುವವರಿಗೆ ಇದಾವುದರ ರಗಳೆಯೇ ಬೇಡ. ಹಾಬ್, ಸಿಂಕ್, ನಲ್ಲಿ ಮೂರನ್ನೂ ಮೊದಲೇ ಕೊಂಡು, ಅಳತೆಯ ಪುಸ್ತಕವನ್ನು ಕಲ್ಲಿನ ಫ್ಯಾಕ್ಟರಿಗೆ ಕೊಟ್ಟು, ನೀರಿನ ಮೆಷಿನ್‌ನಲ್ಲೇ ಕಂಡಿ ಕೊಯ್ಯಿಸಿ ತನ್ನಿ. ಕೂತ ಕಟ್ಟೆಯೇ ಆದರೆ, ಕೊಯ್ಯುವಾಗ ಒಡೆದರೆ ಯಾರು ಹೊಣೆ ಅಂತ ಬಿಲ್ಲಿನ ಮೇಲೆ ಬರೆಸಿಕೊಂಡ ಮೇಲೆಯೇ ಮೆಷಿನ್ ಆನ್ ಮಾಡಲು ಬಿಡಿ. ಬರೆಯಲು ಒಪ್ಪದಿದ್ದರೆ ಕಟ್ಟೆಯ ಮೇಲಿಡುವ ಮಾಮೂಲಿ ಒಲೆ ಚೆನ್ನಾಗೇ ಉರಿಯುತ್ತದೆ. ನೀರು ಹಾಕಿ ಕೊಯ್ಯಿಸಿದರೆ ಬರುವ ಕಲ್ಲಿನ ರಾಡಿಯನ್ನು ಮಾತ್ರ ಸಿಂಕಿಗೆ ಚೆಲ್ಲಬೇಡಿ, ಪೈಪಿನ ಬಾಗಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ತಳದ ಗಸಿಯನ್ನು ಒದ್ದೆ ಇರುವಾಗಲೇ ಚೀಲಕ್ಕೆ ಹಾಕಿ ಕಟ್ಟಿ.