ಸ್ಕೀಮಾ ಬೇಡ ಅಂದವರ ಮಾತು ಕೇಳಿ ಡೇಟಾಬೇಸ್ ಆರಿಸಬೇಡಿ

ಹೊಸ ವೆಬ್ ಪ್ರಾಜೆಕ್ಟಿಗೆ ಬ್ಯಾಕೆಂಡ್ (ಸರ್ವರ್ ಕಡೆ ಓಡುವ ಕೋಡ್ ಮತ್ತು ಡೇಟಾಬೇಸ್) ಆರಿಸುವ ಹಂತದಲ್ಲಿದ್ದೀರಾ? ಹಾಗಿದ್ದರೆ ಇದನ್ನು ದಯವಿಟ್ಟು ಪೂರ್ತಿ ಓದಿ. ನಿಮ್ಮ ಸೈಟಿನಲ್ಲಿ ಆರ್ಡರ್, ಪಾವತಿ, ಸ್ಟಾಕ್, ಬಿಲ್ಲು ಅಂತ ಹಣಕ್ಕೆ ಸಂಬಂಧಪಟ್ಟ ಏನಾದರೂ ಇದ್ದರಂತೂ ಓದಲೇಬೇಕು.

ನನ್ನ ಕೈಗೆ ಬಂದದ್ದು ಬೇರೆಯವರು ಕಟ್ಟಿಕೊಟ್ಟ ಸೈಟ್. ಆನ್‌ಲೈನ್‌ನಲ್ಲಿ ಆರ್ಡರ್ ತಗೊಂಡು ಸಾಮಾನು ಕಳಿಸುವ ವ್ಯಾಪಾರ. ಗುತ್ತಿಗೆ ಹಿಡಿದಿದ್ದ ಹೊರಗಿನ ತಂಡವೊಂದು ಜಾವಾಸ್ಕ್ರಿಪ್ಟ್ ಕೋಡ್ ಓಡಿಸಲು ನೋಡ್, ಸೈಟ್ ಕಟ್ಟುವ ಚೌಕಟ್ಟಾಗಿ (ಫ್ರೇಮ್‌ವರ್ಕ್) ಎಕ್ಸ್‌ಪ್ರೆಸ್, ಡೇಟಾಬೇಸಾಗಿ ಮಾಂಗೋಡಿಬಿ ಅಂತ ತೀರ್ಮಾನ ಮಾಡಿ, ಕಟ್ಟಿ ಮುಗಿಸಿ ಹೊರಟುಹೋಗಿತ್ತು. ಅವರು ಬಿಟ್ಟುಹೋದ ಡಾಕ್ಯುಮೆಂಟಿನಲ್ಲಿ ಈ ಆಯ್ಕೆಗೆ ಎರಡೇ ಕಾರಣ ಬರೆದಿತ್ತು. ಸ್ಕೀಮಾ (ಯಾವ ಮಾಹಿತಿ ಯಾವ ಆಕಾರದಲ್ಲಿ ಇರಬೇಕು ಅನ್ನೋ ನಿಯಮ) ಬರೆಯುವ ಗೋಜಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಮುಂದೆ ಲಕ್ಷಾಂತರ ಜನ ಬಂದರೂ ತಡೆದುಕೊಳ್ಳುತ್ತದೆ. ಈ ಸೈಟ್ ಯಾವ ಮಾಹಿತಿ ಇಟ್ಟುಕೊಳ್ಳುತ್ತದೆ, ಅದರಲ್ಲಿ ಯಾವುದು ತಪ್ಪಲೇಬಾರದು ಅನ್ನೋದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ತೊಂದರೆ ಗೊತ್ತಾಗಿದ್ದು ತಿಂಗಳ ಲೆಕ್ಕದಲ್ಲಿ. ಪೇಮೆಂಟ್ ಗೇಟ್‌ವೇ ತೋರಿಸುವ ಮೊತ್ತಕ್ಕೂ ನಮ್ಮ ರಿಪೋರ್ಟಿನ ಮೊತ್ತಕ್ಕೂ ತಾಳೆ ಆಗುತ್ತಿರಲಿಲ್ಲ. ಪ್ರತಿ ಸಲವೂ ನಮ್ಮದೇ ಕಡಿಮೆ. ಎಲ್ಲೂ ಎರರ್ ಇಲ್ಲ, ಲಾಗ್‌ನಲ್ಲೂ ಏನೂ ಇಲ್ಲ. ಆರ್ಡರ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ವಿಷಯ ಸಿಕ್ಕಿತು. ಕೆಲವು ಆರ್ಡರ್‌ಗಳಲ್ಲಿ ಮೊತ್ತ 450 ಅನ್ನೋ ಅಂಕಿಯಾಗಿತ್ತು. ಇನ್ನು ಕೆಲವುಗಳಲ್ಲಿ ಉದ್ಧರಣ ಚಿಹ್ನೆಯೊಳಗೆ "450" ಅಂತ, ಅಂದರೆ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿ ಕೂತಿತ್ತು. ಮೊಬೈಲ್ ಆ್ಯಪ್ ಮೊತ್ತವನ್ನು ಜೇಸನ್ ಅನ್ನೋ ಮಾಹಿತಿ ಕಳಿಸುವ ರೂಪದಲ್ಲಿ ಅಂಕಿಯಾಗಿ ಕಳಿಸುತ್ತಿತ್ತು. ವೆಬ್ ಫಾರ್ಮ್‌ನಿಂದ ಬರುವುದೆಲ್ಲ ಸ್ಟ್ರಿಂಗೇ ಅಲ್ವಾ? ಮಧ್ಯದಲ್ಲಿ ಅದನ್ನು ಅಂಕಿ ಮಾಡುವ ಕೋಡ್ ಯಾರೂ ಬರೆದಿರಲಿಲ್ಲ. ಡೇಟಾಬೇಸಿಗೆ ಸ್ಕೀಮಾ ಇಲ್ಲವಾದ್ದರಿಂದ ಎರಡನ್ನೂ ಒಳಗೆ ಬಿಟ್ಟಿತ್ತು.

ಮಾಂಗೋಡಿಬಿಯಲ್ಲಿ ಮೊತ್ತ ಕೂಡಿಸುವ ಸಮ್ ಆಪರೇಟರ್ ಅಂಕಿಯಲ್ಲದ್ದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಇದು ಅವರ ಕೈಪಿಡಿಯಲ್ಲೇ ಬರೆದಿರುವ ನಡವಳಿಕೆ, ಬಗ್ ಅಲ್ಲ. 500ಕ್ಕಿಂತ ಜಾಸ್ತಿ ಇರುವ ಆರ್ಡರ್ ಕೊಡು ಅಂತ ಅಂಕಿ ಕೊಟ್ಟು ಕೇಳಿದರೂ ಸ್ಟ್ರಿಂಗ್ ಆಗಿರುವವು ಬರುವುದೇ ಇಲ್ಲ. ಸಾರ್ಟ್ ಮಾಡಿದರೆ ಮೊದಲು ಅಂಕಿಗಳೆಲ್ಲ ಒಂದು ಗುಂಪು, ಆಮೇಲೆ ಸ್ಟ್ರಿಂಗ್‌ಗಳು ಇನ್ನೊಂದು ಗುಂಪು. ಅಂದರೆ ಸೈಟ್ ಶುರುವಾದ ದಿನದಿಂದ ಬಂದ ಒಂದೊಂದು ರಿಪೋರ್ಟೂ ತಪ್ಪಾಗಿತ್ತು. ಆ ರಿಪೋರ್ಟ್ ನೋಡಿಕೊಂಡೇ ಮಾಲೀಕರು ಖರೀದಿಯ ತೀರ್ಮಾನ ಮಾಡುತ್ತಿದ್ದರು. ಇದನ್ನು ಅವರಿಗೆ ಹೇಳುವುದು ನನಗೆ ತುಂಬಾ ಕಷ್ಟವಾಯಿತು.

ಇದೇ ಮೊತ್ತದ ಕಾಲಂ ಸ್ಕೀಮಾ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನ್ಯೂಮರಿಕ್ (ಅಂಕಿ ಮಾತ್ರ) ಅಂತ ಇದ್ದಿದ್ದರೆ? ಸ್ಟ್ರಿಂಗ್ ಆಗಿ ಬಂದ "450" ಕೂಡ ಅಂಕಿಯಾಗಿಯೇ ಉಳಿಯುತ್ತಿತ್ತು. ಅಂಕಿ ಆಗದ್ದು ಬಂದರೆ ಮೊದಲ ದಿನವೇ ಎರರ್ ಕೊಟ್ಟು ಹೊರಗೆ ಹಾಕುತ್ತಿತ್ತು. ಆ ಎರರ್ ಡೆವಲಪರ್‌ಗೆ ಅವತ್ತು ಕಿರಿಕಿರಿ ಅನ್ನಿಸುತ್ತದೆ ನಿಜ. ಆದರೆ ಹಣದ ಲೆಕ್ಕ ಇಡುವ ಸೈಟಿಗೆ ಬೇಕಾಗಿರುವುದು ಅದೇ.

ಸ್ಕೀಮಾ ಇಲ್ಲ ಅಂದರೆ ಏನರ್ಥ ಅಂತ ಒಂದು ಸಲ ನಿಧಾನವಾಗಿ ಯೋಚಿಸಿ. ಆರ್ಡರ್‌ಗೆ ಮೊತ್ತ ಇರಲೇಬೇಕು, ಗ್ರಾಹಕ ಇರಲೇಬೇಕು ಅನ್ನೋ ನಿಯಮ ಎಲ್ಲೂ ಹೋಗುವುದಿಲ್ಲ. ಡೇಟಾಬೇಸಿನಲ್ಲಿ ಇಲ್ಲದಿದ್ದರೆ ಕೋಡಿನ ತುಂಬಾ ಚೂರುಚೂರಾಗಿ ಹರಡಿಕೊಳ್ಳುತ್ತದೆ. ನಮ್ಮ ಗ್ರಾಹಕರ ಕಲೆಕ್ಷನ್‌ನಲ್ಲಿ, ಅಂದರೆ ದಾಖಲೆಗಳ ಗುಂಪಿನಲ್ಲಿ, ಫೋನ್ ನಂಬರ್ ಕೆಲವರಿಗೆ 'ಫೋನ್' ಅಂತ, ಕೆಲವರಿಗೆ 'ಮೊಬೈಲ್' ಅಂತ, ಹಳಬರಿಗೆ 'ಕಾಂಟ್ಯಾಕ್ಟ್' ಒಳಗಿನ 'ನಂಬರ್' ಅಂತ ಇತ್ತು. ಕೋಡ್ ಬದಲಾದಾಗಲೆಲ್ಲ ಹೆಸರು ಬದಲಾಗಿತ್ತು, ಹಳೆಯ ಡಾಕ್ಯುಮೆಂಟ್‌ಗಳು (ಮಾಂಗೋಡಿಬಿಯಲ್ಲಿ ದಾಖಲೆಗೆ ಇದೇ ಹೆಸರು) ಹಾಗೇ ಉಳಿದಿದ್ದವು. ಇಮೇಲ್ ಮೇಲೆ ಯುನೀಕ್ ಇಂಡೆಕ್ಸ್ (ಒಂದೇ ಇಮೇಲ್ ಎರಡು ಸಲ ಬರದಂತೆ ತಡೆಯುವ ನಿಯಮ) ಇರಲಿಲ್ಲ. ಹಾಗಾಗಿ ಒಬ್ಬರೇ ಗ್ರಾಹಕರು ಎರಡೆರಡು ಖಾತೆಯಾಗಿ ಕಾಣುತ್ತಿದ್ದರು.

ಎರಡನೇ ಪೆಟ್ಟು ಇನ್ನೂ ಜೋರಾಗಿತ್ತು. ಗ್ರಾಹಕರ ಹಣ ಹೋಗಿದೆ, ಸ್ಟಾಕ್ ಕಡಿಮೆಯಾಗಿದೆ, ಆರ್ಡರ್ ಮಾತ್ರ ಇಲ್ಲ. ಇಂಥ ದೂರು ಆಗಾಗ ಬರತೊಡಗಿತು. ಕೋಡ್ ನೋಡಿದರೆ ಮೊದಲು ಸ್ಟಾಕ್ ಇಳಿಸುವುದು, ಆಮೇಲೆ ಪಾವತಿ ಬರೆಯುವುದು, ಕೊನೆಗೆ ಆರ್ಡರ್ ಬರೆಯುವುದು. ಮೂರನ್ನೂ ಡೇಟಾಬೇಸಿಗೆ ಬೇರೆ ಬೇರೆಯಾಗಿ ಬರೆಯುತ್ತಿತ್ತು. ಮಧ್ಯೆ ಸರ್ವರ್ ಬಿದ್ದರೆ ಮುಗಿಯಿತು, ಆಗಿರುವುದಷ್ಟೇ ಆಗಿರುತ್ತದೆ.

ಸರ್ವರ್ ಯಾಕೆ ಬೀಳುತ್ತಿತ್ತು ಅನ್ನೋದರಲ್ಲಿ ಫ್ರೇಮ್‌ವರ್ಕಿನ ಪಾಲೂ ಇದೆ. ಎಕ್ಸ್‌ಪ್ರೆಸ್ 4ರಲ್ಲಿ ಅಸಿಂಕ್ ಹ್ಯಾಂಡ್ಲರ್ (ಡೇಟಾಬೇಸ್, ಇಮೇಲ್ ಇಂಥವಕ್ಕೆ ಕಾದು ರಿಕ್ವೆಸ್ಟಿಗೆ ಉತ್ತರ ಕೊಡುವ ಕೋಡ್) ಒಳಗೆ ಎರರ್ ಆದರೆ ಅದನ್ನು ಫ್ರೇಮ್‌ವರ್ಕ್ ತಾನಾಗಿ ಹಿಡಿಯುವುದಿಲ್ಲ. ನಾವೇ ಹಿಡಿದು ಮುಂದೆ ಕೊಡಬೇಕು. 2024ರಲ್ಲಿ ಬಂದ ಎಕ್ಸ್‌ಪ್ರೆಸ್ 5ರಲ್ಲಿ ಇದು ಸರಿಯಾಗಿದೆ, ನಮ್ಮದು ಹಳೆಯದು. ಹೀಗೆ ಯಾರೂ ಹಿಡಿಯದ ಪ್ರಾಮಿಸ್ ಎರರ್‌ಗೆ (ಕಾಯುತ್ತಿದ್ದ ಕೆಲಸ ಕೆಟ್ಟಾಗ ಬರುವ ಎರರ್) ಮೊದಲೆಲ್ಲ ನೋಡ್ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. 2020ರ ನೋಡ್ 15ರಿಂದ ಪ್ರೋಸೆಸ್ಸೇ, ಅಂದರೆ ಓಡುತ್ತಿರುವ ಪ್ರೋಗ್ರಾಮೇ ನಿಂತುಹೋಗುತ್ತದೆ. ಹಾಗಾಗಿ ಯಾರೋ ಒಬ್ಬರ ಕನ್ಫರ್ಮೇಶನ್ ಇಮೇಲ್ ಹೋಗದೆ ಎರರ್ ಬಂದರೆ ಇಡೀ ಪ್ರೋಸೆಸ್ ಸಾಯುತ್ತಿತ್ತು. ಅದೇ ಕ್ಷಣದಲ್ಲಿ ಆರ್ಡರ್ ಮಾಡುತ್ತಿದ್ದ ಬೇರೆಯವರ ಹಣ ನಡುದಾರಿಯಲ್ಲಿ ಉಳಿಯುತ್ತಿತ್ತು.

ಟ್ರಾನ್ಸಾಕ್ಷನ್ (ಬರೆಯುವುದೆಲ್ಲ ಒಟ್ಟಿಗೇ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಅನ್ನೋ ವ್ಯವಸ್ಥೆ) ಹಾಕಿದರಾಯಿತಲ್ಲ ಅಂತ ನೀವು ಕೇಳಬಹುದು. ಒಂದೇ ಡಾಕ್ಯುಮೆಂಟಿನ ಬದಲಾವಣೆ ಮಾಂಗೋಡಿಬಿಯಲ್ಲಿ ಮೊದಲಿನಿಂದಲೂ ಪೂರ್ತಿ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ಹಲವು ಡಾಕ್ಯುಮೆಂಟ್‌ಗಳಿಗೆ ಸೇರಿಸಿ ಟ್ರಾನ್ಸಾಕ್ಷನ್ ಬಂದದ್ದು 2018ರ 4.0 ಆವೃತ್ತಿಯಲ್ಲಿ. ಅದಕ್ಕೆ ರೆಪ್ಲಿಕಾ ಸೆಟ್, ಅಂದರೆ ಒಂದೇ ಮಾಹಿತಿಯ ಪ್ರತಿ ಇಟ್ಟುಕೊಳ್ಳುವ ಸರ್ವರ್‌ಗಳ ಗುಂಪು ಬೇಕು. ಆ ಹೊರಗಿನ ತಂಡ ಹಾಕಿಟ್ಟಿದ್ದು ಒಂಟಿ ಸರ್ವರ್. ಟ್ರಾನ್ಸಾಕ್ಷನ್ ಶುರು ಮಾಡಿದ ತಕ್ಷಣ, ಇದು ರೆಪ್ಲಿಕಾ ಸೆಟ್‌ನಲ್ಲಿ ಮಾತ್ರ ನಡೆಯುತ್ತದೆ ಅಂತ ಎರರ್ ಬಂತು. ಲಕ್ಷಾಂತರ ಜನಕ್ಕೆ ತಡೆಯುತ್ತದೆ ಅಂತ ಬರೆದವರು ಒಂದು ಆರ್ಡರ್ ಸರಿಯಾಗಿ ಉಳಿಯುವ ವ್ಯವಸ್ಥೆ ಮಾಡಿರಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಡೇಟಾಬೇಸನ್ನು ದೂರುತ್ತಿಲ್ಲ, ಇದು ಸ್ಪಷ್ಟವಾಗಿರಲಿ. ಮಾಂಗೋಡಿಬಿಯಲ್ಲೂ ಸ್ಕೀಮಾ ಪರಿಶೀಲನೆ ಹಾಕಬಹುದು, ಹಣದಂಥ ನಿಖರ ಲೆಕ್ಕಕ್ಕೆ ಡೆಸಿಮಲ್128 ಅನ್ನೋ ಟೈಪ್ ಇದೆ. ಒಂದೊಂದು ದಾಖಲೆಯೂ ಬೇರೆ ಬೇರೆ ಆಕಾರದಲ್ಲಿದ್ದು, ಅದನ್ನು ಒಟ್ಟಿಗೇ ಓದಿ ಒಟ್ಟಿಗೇ ಬರೆಯುವ ಕಡೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಗ್ರಾಹಕ, ಆರ್ಡರ್, ಸಾಮಾನು, ಪಾವತಿ ಇವೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವ ಮಾಹಿತಿ. ಈ ಕೊಂಡಿಗಳನ್ನು ಕಾಯುವುದಕ್ಕೇ ಪೋಸ್ಟ್‌ಗ್ರೆಸ್‌ನಂಥ ರಿಲೇಷನಲ್ ಡೇಟಾಬೇಸ್ ಇರುವುದು. ಇಲ್ಲದ ಗ್ರಾಹಕನ ಹೆಸರಲ್ಲಿ ಆರ್ಡರ್ ಬರೆಯಲು ಹೋದರೆ ಫಾರಿನ್ ಕೀ ಅನ್ನೋ ಕೊಂಡಿಯ ನಿಯಮ ಬಿಡುವುದಿಲ್ಲ. ನಡುವೆ ಸ್ವಲ್ಪ ಸ್ವತಂತ್ರ ಆಕಾರದ ಮಾಹಿತಿ ಬೇಕು ಅಂದರೂ ಪೋಸ್ಟ್‌ಗ್ರೆಸ್‌ನಲ್ಲಿ 2014ರಿಂದ ಜೇಸನ್‌ಬಿ ಅನ್ನೋ ಕಾಲಂ ಟೈಪ್ ಇದೆ, ಬೇಗ ಹುಡುಕಲು ಅದಕ್ಕೆ ಇಂಡೆಕ್ಸ್ ಕೂಡ ಹಾಕಬಹುದು. ಅಷ್ಟಕ್ಕಾಗಿ ಬೇರೆ ಡೇಟಾಬೇಸ್ ಹುಡುಕಿಕೊಂಡು ಹೋಗಬೇಕಿಲ್ಲ.

ಲಕ್ಷಾಂತರ ಜನ ಬರುತ್ತಾರೆ ಅನ್ನೋ ಮಾತಿಗೆ ಹೆದರಬೇಡಿ. ಇನ್‌ಸ್ಟಾಗ್ರಾಂ ಬೆಳೆದದ್ದು ಜಾಂಗೋ ಅನ್ನೋ ಫ್ರೇಮ್‌ವರ್ಕ್ ಮತ್ತು ಪೋಸ್ಟ್‌ಗ್ರೆಸ್ ಮೇಲೆ. ವಿಕಿಪೀಡಿಯ ನಡೆಯುತ್ತಿರುವುದು ಪಿಎಚ್‌ಪಿ ಭಾಷೆ ಮತ್ತು ಮರಿಯಾಡಿಬಿ ಅನ್ನೋ ರಿಲೇಷನಲ್ ಡೇಟಾಬೇಸ್ ಮೇಲೆ. ಸಾಮಾನ್ಯ ಸೈಟ್ ನಿಧಾನವಾಗುವುದು ಹೆಚ್ಚಿನ ಸಲ ಇಂಡೆಕ್ಸ್ ಇಲ್ಲದ ಕ್ವೆರಿಯಿಂದ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಇಲ್ಲವೇ ಒಂದು ಪುಟ ತೋರಿಸಲು ನೂರಾರು ಕ್ವೆರಿ ಓಡಿಸುವ ಕೋಡಿನಿಂದ. ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಅನ್ನೋ ಬೆಂಚ್‌ಮಾರ್ಕ್ ಪಟ್ಟಿ ನೋಡಿ ಫ್ರೇಮ್‌ವರ್ಕ್ ಬದಲಿಸಿದರೆ ಅದು ಸರಿಹೋಗಲ್ಲ.

ಫ್ರೇಮ್‌ವರ್ಕ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಎಕ್ಸ್‌ಪ್ರೆಸ್ ಬೇಕಂತಲೇ ಚಿಕ್ಕದಾಗಿ ಇಟ್ಟಿರುವ ಫ್ರೇಮ್‌ವರ್ಕ್. ಲಾಗಿನ್, ಪಾಸ್‌ವರ್ಡ್ ರೀಸೆಟ್, ಯಾರಿಗೆ ಯಾವ ಅನುಮತಿ, ಮೈಗ್ರೇಶನ್ (ಡೇಟಾಬೇಸಿನ ಸ್ಕೀಮಾವನ್ನು ಹಂತಹಂತವಾಗಿ ಬದಲಿಸುವ ವ್ಯವಸ್ಥೆ), ಆಡಳಿತದ ಪುಟ ಇವೆಲ್ಲವನ್ನೂ ನೀವೇ ಪ್ಯಾಕೇಜ್ ಆರಿಸಿ ಜೋಡಿಸಬೇಕು. ಅನುಭವ ಇರುವ ತಂಡಕ್ಕೆ ಅದು ಸ್ವಾತಂತ್ರ್ಯ. ಕಟ್ಟಿ ಬಿಟ್ಟುಹೋಗುವ ತಂಡದ ಕೈಗೆ ಸಿಕ್ಕಿದರೆ, ಆಮೇಲೆ ಬರುವವರು ಒಂದೊಂದು ಜೋಡಣೆಯನ್ನೂ ಹೊಸದಾಗಿ ಕಲಿಯಬೇಕು. ನಮ್ಮ ಸೈಟಿನ ಲಾಗಿನ್ ನಿಂತಿದ್ದ ಪ್ಯಾಕೇಜನ್ನು ಬರೆದವರೇ ಕೈಬಿಟ್ಟಿದ್ದರು. ಜಾಂಗೋ, ರೈಲ್ಸ್, ಲಾರವೆಲ್ ಇಂಥ ದೊಡ್ಡ ಫ್ರೇಮ್‌ವರ್ಕ್‌ಗಳಲ್ಲಿ ಮೈಗ್ರೇಶನ್, ಫಾರ್ಮ್ ಸುರಕ್ಷತೆ ಮುಂತಾದವು ಜೊತೆಗೇ ಬರುತ್ತವೆ. ಜಾಂಗೋದಲ್ಲಂತೂ ಲಾಗಿನ್ ಮತ್ತು ಆಡಳಿತದ ಪುಟ ಸಿದ್ಧವಾಗಿಯೇ ಇರುತ್ತವೆ. ಕೋಡ್ ಎಲ್ಲಿರುತ್ತದೆ ಅಂತ ಹೊಸಬರಿಗೂ ಗೊತ್ತಿರುತ್ತದೆ. ಚಿಕ್ಕ ತಂಡ, ಹಣದ ವ್ಯವಹಾರ ಇದ್ದರೆ ನಾನು ಹೇಳುವುದು ಇವುಗಳಲ್ಲೊಂದು ಮತ್ತು ಪೋಸ್ಟ್‌ಗ್ರೆಸ್. ನಿಮ್ಮ ತಂಡಕ್ಕೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಚೆನ್ನಾಗಿ ಬರುತ್ತದೆ ಅಂದರೆ ಅದೂ ಆಗುತ್ತದೆ. ಆದರೆ ಅಲ್ಲಿ ಅಕ್ಷರಗಳನ್ನು ಉಳಿಸುವ ಕ್ರಮಕ್ಕೆ ಯುಟಿಎಫ್8 ಅನ್ನೋ ಹಳೆಯ ಹೆಸರನ್ನು ನಂಬಬೇಡಿ, ಅದು ಅಕ್ಷರಕ್ಕೆ ಮೂರೇ ಬೈಟ್ ಕೊಡುತ್ತದೆ. ಎಮೋಜಿಗೆ ನಾಲ್ಕು ಬೇಕು. ಯುಟಿಎಫ್8ಎಂಬಿ4 ಅಂತಲೇ ಹಾಕಿ.

ಹೊರಗಿನವರಿಗೆ ಕೆಲಸ ಕೊಡುತ್ತಿದ್ದರೆ, ಒಪ್ಪಂದಕ್ಕೆ ಮುಂಚೆ ಅವರ ಎದುರು ಕೂತು ಇಷ್ಟು ಕೇಳಿ. ಪಾವತಿ ಆಗಿ ಆರ್ಡರ್ ಬರೆಯುವ ಮುಂಚೆ ಕರೆಂಟ್ ಹೋದರೆ ಏನಾಗುತ್ತದೆ? ಮೊತ್ತದ ಜಾಗದಲ್ಲಿ ಅಕ್ಷರ ಬಂದರೆ ಯಾರು ತಡೆಯುತ್ತಾರೆ? ಕೊನೆಯ ಒಂದು ಸಾಮಾನನ್ನು ಇಬ್ಬರು ಒಟ್ಟಿಗೇ ಒತ್ತಿದರೆ ಯಾರಿಗೆ ಸಿಗುತ್ತದೆ? ಉತ್ತರದಲ್ಲಿ ಟ್ರಾನ್ಸಾಕ್ಷನ್, ಕಾನ್‌ಸ್ಟ್ರೇಂಟ್ (ಡೇಟಾಬೇಸೇ ಕಾಯುವ ನಿಯಮ), ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ಕಾಯಿಸುವುದು) ಇಂಥ ಮಾತು ಬರಬೇಕು. ನಾವು ಕೋಡಿನಲ್ಲಿ ನೋಡಿಕೊಳ್ತೀವಿ ಅಂತ ಅಷ್ಟಕ್ಕೇ ನಿಲ್ಲಿಸಿದರೆ ಬೇರೆ ತಂಡ ಹುಡುಕಿ.

ಈಗಾಗಲೇ ಇಂಥ ಸೈಟ್ ನಡೆಸುತ್ತಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಮೊದಲು ಬ್ಯಾಕಪ್ ತಗೊಳ್ಳಿ, ಅದನ್ನು ಬೇರೆ ಕಡೆ ರೀಸ್ಟೋರ್ ಮಾಡಿ ತೆರೆದುಕೊಳ್ಳುತ್ತದಾ ನೋಡಿ. ಆಮೇಲೆ ಹಣದ ಪ್ರತಿಯೊಂದು ಫೀಲ್ಡಿನ ಮೇಲೂ ಮಾಂಗೋಡಿಬಿಯ ಟೈಪ್ ಆಪರೇಟರ್ (ಮಾಹಿತಿ ಯಾವ ಬಗೆಯದು ಅಂತ ನೋಡುವುದು) ಹಾಕಿ, ಸ್ಟ್ರಿಂಗ್ ಆಗಿರುವ ದಾಖಲೆ ಎಷ್ಟಿವೆ ಅಂತ ಎಣಿಸಿ. ಸೊನ್ನೆ ಬರಬೇಕು. ಬರದಿದ್ದರೆ ಹಳೆಯ ರಿಪೋರ್ಟ್‌ಗಳನ್ನು ಗೇಟ್‌ವೇ ಲೆಕ್ಕದ ಜೊತೆ ಮತ್ತೆ ತಾಳೆ ನೋಡಿ. ದಾಖಲೆಗಳನ್ನು ತಿದ್ದುವ ಮುಂಚೆ ಸ್ಕೀಮಾ ಪರಿಶೀಲನೆ ಹಾಕಿ. ಇಲ್ಲದಿದ್ದರೆ ನೀವು ತಿದ್ದುತ್ತಿರುವಾಗಲೇ ಹೊಸ ಕೆಟ್ಟ ದಾಖಲೆಗಳು ಸೇರಿಕೊಳ್ಳುತ್ತಿರುತ್ತವೆ.