ಬಾರ್ಬಡೋಸ್ ಬೀಚಿಗೆ ಹೋಗ್ತಿದ್ದೀರಾ? ಮಳೆ ಬಂದ್ರೆ ಸಿಕ್ಕ ಮರದ ಕೆಳಗೆ ನಿಲ್ಲಬೇಡಿ

ಡಿಸೆಂಬರ್ ರಜೆಗೆ ಕೆರಿಬಿಯನ್ ಕಡೆ ಹೊರಟಿರೋರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಕ್ಕಳನ್ನು ಕರ್ಕೊಂಡು ಹೋಗೋರಂತೂ ಓದಲೇಬೇಕು.

ಜುಲೈನಲ್ಲಿ ನಾನು, ನಮ್ಮನೆಯವರು, ಹನ್ನೊಂದು ವರ್ಷದ ಮಗ ಬಾರ್ಬಡೋಸ್‌ಗೆ ಹೋಗಿದ್ದೆವು. ಜಾಗ ಆರಿಸಿದ್ದು ಮಗನೇ. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದ ಕೆನ್ಸಿಂಗ್ಟನ್ ಓವಲ್ ನೋಡಬೇಕು, ನಮ್ಮ ದ್ರಾವಿಡ್ ಕಪ್ ಎತ್ತಿ ಕೂಗಿದ ಜಾಗ ನೋಡಬೇಕು ಅಂತ ಒಂದು ವರ್ಷದಿಂದ ಹಟ ಹಿಡಿದಿದ್ದ. ಮೈದಾನ ನೋಡಿದೆವು, ಕಾರ್ಲೈಲ್ ಬೇನಲ್ಲಿ ಆಮೆಗಳ ಜೊತೆ ಈಜಿದೆವು. ಎರಡು ದಿನ ಬಹಳ ಚೆನ್ನಾಗಿತ್ತು.

ಮೂರನೇ ದಿನ ಹೋಲ್‌ಟೌನ್‌ನಿಂದ ಸ್ವಲ್ಪ ಮೇಲೆ, ಪಶ್ಚಿಮ ತೀರದ ಒಂದು ಬೀಚಿಗೆ ಹೋದೆವು. ಆ ಕಡೆ ಸಮುದ್ರ ಕೆರೆ ಹಾಗೆ ಶಾಂತ. ಮರಳಿನ ಅಂಚಿಗೇ ದೊಡ್ಡ ದೊಡ್ಡ ಮರಗಳು, ಒಳ್ಳೆ ನೆರಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಮಳೆಗಾಲ, ಸುರಿದು ಹತ್ತು ನಿಮಿಷಕ್ಕೆ ಮತ್ತೆ ಬಿಸಿಲು. ನಾವು ತೀರ್ಥಹಳ್ಳಿ ಕಡೆಯವರು, ಮಳೆ ಬಂದ್ರೆ ಮರದ ಬುಡಕ್ಕೆ ಓಡೋದು ಚಿಕ್ಕಂದಿನ ಅಭ್ಯಾಸ ಅಲ್ವಾ, ಬ್ಯಾಗು ಟವೆಲ್ಲು ಎತ್ಕೊಂಡು ಹತ್ತಿರದ ಮರದ ಕೆಳಗೆ ನಿಂತೆವು.

ನೆಲದ ತುಂಬ ಪುಟ್ಟ ಹಣ್ಣುಗಳು ಬಿದ್ದಿದ್ದವು. ಹಳದಿಗೆ ತಿರುಗುತ್ತಿದ್ದ ಹಸಿರು, ದೊಡ್ಡ ನೆಲ್ಲಿಕಾಯಿಯಷ್ಟು, ಘಮ್ ಅಂತ ಸಿಹಿ ವಾಸನೆ. ಮಗ ಎರಡು ಆರಿಸಿಕೊಂಡು ಮೂಸುತ್ತಿದ್ದ. ಅಷ್ಟರಲ್ಲಿ ಆಚೆ ಎಳನೀರು ಮಾರುತ್ತಿದ್ದ ಒಬ್ಬ ಅಜ್ಜಿ ತಲೆ ಮೇಲೆ ಪ್ಲಾಸ್ಟಿಕ್ ಹಾಳೆ ಹಿಡ್ಕೊಂಡು ಕೂಗುತ್ತಾ ಓಡಿ ಬಂದರು. ಬಂದವರು ಮರದ ಅಂಚಿಗೆ ಗಕ್ಕನೆ ನಿಂತರು. ಒಂದು ಹೆಜ್ಜೆಯೂ ಒಳಗಿಡಲಿಲ್ಲ. ಮಳೆಯಲ್ಲಿ ನೆನೆಯುತ್ತಲೇ, ಬಿಸಾಕು ಅದನ್ನ, ಹೊರಗೆ ಬನ್ನಿ, ಎಲ್ಲರೂ ಹೊರಗೆ ಬನ್ನಿ ಅಂತ ಕೈ ಬೀಸಿದರು. ಅವರು ಒಳಗೆ ಬರದೇ ಇದ್ದದ್ದನ್ನು ನೋಡಿಯೇ ನನಗೆ ಭಯ ಆಗಿದ್ದು. ತಮ್ಮ ಬಾಟಲಿ ನೀರು ಪೂರ್ತಿ ಸುರಿದು ಮಗನ ಕೈ ತೊಳೆದರು.

ಆ ಮರದ ಹೆಸರು ಮ್ಯಾಂಚಿನೀಲ್. ಸ್ಪ್ಯಾನಿಷ್‌ನಲ್ಲಿ ಅದರ ಹಣ್ಣಿಗೆ ‘ಸಾವಿನ ಪುಟ್ಟ ಸೇಬು’ ಅನ್ನೋ ಅರ್ಥದ ಹೆಸರಿದೆ. ನಮ್ಮ ಕಳ್ಳಿ, ಹರಳು ಗಿಡದ ಕುಟುಂಬಕ್ಕೇ ಸೇರಿದ್ದು. ಕಳ್ಳಿ ಹಾಲು ಕಣ್ಣಿಗೆ ತಾಗಿದ್ರೆ ಏನಾಗುತ್ತೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಇದರ ಹಾಲು ಅದಕ್ಕಿಂತ ಜಾಸ್ತಿ ಸುಡುತ್ತೆ. ಎಲೆ, ತೊಗಟೆ, ಹಣ್ಣು, ಎಲ್ಲದರಲ್ಲೂ ಇದೆ. ಮಳೆ ನೀರು ಆ ಹಾಲನ್ನು ತೊಳ್ಕೊಂಡು ಕೆಳಗೆ ನಿಂತವರ ಮೈ ಮೇಲೆ ಬೀಳುತ್ತೆ. ಸೌದೆ ಅಂತ ಸುಟ್ಟರೆ ಹೊಗೆ ಕೂಡ ಕಣ್ಣಿಗೆ ಅಪಾಯ.

ಮೊದಲು ಏನೂ ಅನಿಸಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ನಮ್ಮನೆಯವರು ಕತ್ತು ಉರಿ ಉರಿ ಅಂದರು. ಅವರು ಶರ್ಟ್ ಹಾಕಿರಲಿಲ್ಲ. ನೀರು ಇಳಿದ ದಾರಿಯಲ್ಲೇ ಕತ್ತಿನಿಂದ ಬೆನ್ನಿಗೆ ಮೂರು ಕೆಂಪು ಗೆರೆ ಎದ್ದವು. ರಾತ್ರಿ ಹೊತ್ತಿಗೆ ಅದೇ ಗೆರೆಗಳ ಮೇಲೆ ಸಾಲಾಗಿ ಬೊಬ್ಬೆ. ಅದೇ ಒದ್ದೆ ಟವೆಲಿನಲ್ಲಿ ಮುಖ ಒರೆಸಿದ್ದರು, ಬಲಗಣ್ಣು ಊದಿ ಎರಡು ದಿನ ತೆರೆಯಲಿಕ್ಕೇ ಆಗಲಿಲ್ಲ. ಡಾಕ್ಟರು ಬಹಳ ಹೊತ್ತು ಕಣ್ಣು ತೊಳೆದು ಡ್ರಾಪ್ಸ್ ಕೊಟ್ಟರು. ಮಗನ ಬೆರಳು ಸ್ವಲ್ಪ ಉರಿದದ್ದು ಬಿಟ್ಟರೆ ಏನೂ ಆಗಲಿಲ್ಲ, ಆ ಅಜ್ಜಿಯಿಂದ. ಒಂದು ಹಣ್ಣು ಕಚ್ಚಿದ್ದರೆ? 1999ರಲ್ಲಿ ಟೊಬೇಗೊ ಬೀಚಿನಲ್ಲಿ ಒಬ್ಬ ಬ್ರಿಟಿಷ್ ವೈದ್ಯೆಯೇ ಇದನ್ನು ಕಚ್ಚಿ ನೋಡಿದ್ದರು. ಮೊದಲು ಸಿಹಿ, ಆಮೇಲೆ ಖಾರ, ಆಮೇಲೆ ಗಂಟಲು ಬಿಗಿದು ನುಂಗಲಿಕ್ಕೇ ಆಗದ ಹಾಗೆ. ನೋವು ಇಳಿಯೋಕೆ ಗಂಟೆಗಟ್ಟಲೆ ಹಿಡಿಯಿತು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರೇ ಅದನ್ನು ಬರೆದರು.

ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ನಾವು ಉಳಿದಿದ್ದ ಕಡೆ ಕೊಟ್ಟ ಪುಸ್ತಕದಲ್ಲಿ ಜೆಟ್ ಸ್ಕೀ, ರಮ್ ಟೂರ್, ಸಂಜೆ ದೋಣಿ ವಿಹಾರ ಎಲ್ಲ ಇತ್ತು, ಈ ಮರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೇಳಿದ್ರೆ, ಮರಕ್ಕೆ ಕೆಂಪು ಬಣ್ಣ ಬಳಿದಿರುತ್ತಲ್ಲ ಅಂದರು. ಮಳೆಗೆ ಮುಂಚೆ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದೆ. ಹೌದು, ಕಾಂಡದ ಮೇಲೆ ಒಂದು ಪಟ್ಟಿ ಇತ್ತು. ಮಾಸಿದ ಕುಂಕುಮದ ಹಾಗೆ, ತೊಗಟೆಗೂ ಅದಕ್ಕೂ ವ್ಯತ್ಯಾಸವೇ ಕಾಣದಷ್ಟು.

ಹಾಗಾಗಿ ಬಣ್ಣ ನಂಬಬೇಡಿ, ಮರವನ್ನೇ ಗುರುತಿಸಿ. ಎಲೆ ಮೊಟ್ಟೆ ಆಕಾರ, ಹೊಳೆಯೋ ಹಸಿರು, ಅಂಚಿನಲ್ಲಿ ಸಣ್ಣ ಹಲ್ಲು. ಪುಟ್ಟ ಸೇಬಿನಂಥ ಕಾಯಿ ಮರಳಿನ ಮೇಲೆ ಚೆಲ್ಲಿರುತ್ತೆ. ನಮ್ಮಲ್ಲೂ ಇರುವ ಕಾಡುಬಾದಾಮಿ ಮರ ಅಲ್ಲೂ ಇದೆ, ಅದರ ಎಲೆ ಅಂಗೈಗಿಂತ ದೊಡ್ಡದು, ಅದರಿಂದ ತೊಂದರೆ ಇಲ್ಲ. ಗೊತ್ತಾಗದಿದ್ರೆ ಸುಮ್ನೆ ನೆನೆಯಿರಿ. ಈ ಮರ ಬಾರ್ಬಡೋಸ್‌ನಲ್ಲಿ ಮಾತ್ರ ಅಲ್ಲ, ಆಂಟಿಗಾ, ಟೊಬೇಗೊ, ಫ್ಲೋರಿಡಾದ ದಕ್ಷಿಣ ತುದಿಯಲ್ಲೂ ಇದೆ. ಬೇರು ಮರಳನ್ನು ಹಿಡಿದಿಡುತ್ತೆ, ಗಾಳಿ ತಡೆಯುತ್ತೆ, ಅದಕ್ಕೇ ಕಡಿಯೋದಿಲ್ಲ. ಮೈಗೆ ತಾಗಿದ್ರೆ ಉಜ್ಜಬೇಡಿ, ಒರೆಸಬೇಡಿ, ಧಾರಾಳ ನೀರು ಹಾಕಿ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ. ಬಾರ್ಬಡೋಸ್‌ನಲ್ಲಿ ಆಂಬುಲೆನ್ಸ್ ನಂಬರ್ 511.

ಇನ್ನೆರಡು ಮಾತು. ಬೀಚಿನಲ್ಲಿ ಯಾರಾದರೂ ‘ನಲವತ್ತು ಡಾಲರ್’ ಅಂದ್ರೆ ಯಾವ ಡಾಲರ್ ಅಂತ ಮೊದಲೇ ಕೇಳಿ, ಒಂದು ಅಮೆರಿಕನ್ ಡಾಲರ್‌ಗೆ ಅಲ್ಲಿನದು ಎರಡು. ಪೂರ್ವ ತೀರದ ಬಾತ್‌ಶೀಬಾಗೆ ನೋಡೋಕೆ ಹೋಗಿ, ಈಜೋಕೆ ಇಳಿಯಬೇಡಿ, ಅಟ್ಲಾಂಟಿಕ್ ಅಲೆಯ ಸೆಳೆತ ಬಹಳ. ಸೈನಿಕರ ಥರದ ಮಚ್ಚೆ ಬಟ್ಟೆ ಆ ದೇಶದಲ್ಲಿ ನಿಷೇಧ, ಮಕ್ಕಳಿಗೂ ಹಾಕಬೇಡಿ.

ನಮ್ಮನೆಯವರ ಕಣ್ಣು ಈಗ ಸರಿ ಇದೆ. ಬೆನ್ನಿನ ಮೂರು ಗೆರೆ ಇನ್ನೂ ಕಪ್ಪಾಗಿ ಕಾಣುತ್ತೆ. ಹೋಗೋರು ಯಾರಾದ್ರೂ ಇದ್ದರೆ ಹೇಳಿ, ಎಲೆ, ಕಾಯಿಯ ಫೋಟೋ ಕಳಿಸ್ತೀನಿ, ವಿಮಾನದಲ್ಲೇ ಮಕ್ಕಳಿಗೆ ತೋರಿಸಿಬಿಡಿ.