ಮಂಡಿ ಲೆಕ್ಕಕ್ಕೆ ಕ್ಯೂಟ್: ಫೈಲ್ ಓದುವ, ಬರೆಯುವ ಭಾಗ ಹೇಗಿದೆ?

ಪ್ರೋಗ್ರಾಂ ಬರೆಯುವವರಿಗೆ ಸಿದ್ಧ ಕೋಡ್ ಕೊಡುವ ಕ್ಯೂಟ್ (Qt) ಫ್ರೇಮ್‌ವರ್ಕಿನಲ್ಲಿ ಫೈಲ್ ಕೆಲಸ ಹೇಗೆ ಅಂತ ಕೇಳಿದರೆ ನನ್ನ ಉತ್ತರ ಚಿಕ್ಕದು. ಕ್ಯೂಸೇವ್‌ಫೈಲ್ ಅನ್ನೋ ಒಂದು ಕ್ಲಾಸಿಗಾಗಿಯೇ (ಒಂದು ಕೆಲಸಕ್ಕೆ ಬೇಕಾದ ಕೋಡಿನ ಗಂಟು) ಕ್ಯೂಟ್ ಬಳಸಬಹುದು. ಉಳಿದದ್ದರಲ್ಲಿ ಒಳ್ಳೆಯದೂ ಇದೆ, ತಲೆ ತಿನ್ನೋದೂ ಇದೆ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಅಳೆಯುವುದು ಅದರಿಂದಲೇ. ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತೇನೆ. ಜಗಳೂರು ಕಡೆಯಿಂದಲೋ ಆನಗೋಡಿನಿಂದಲೋ ಮೆಕ್ಕೆಜೋಳದ ಟ್ರ್ಯಾಕ್ಟರ್ ಬರುತ್ತದೆ. ತೂಕ ಆಗುತ್ತದೆ, ದರ ಬೀಳುತ್ತದೆ, ಹಮಾಲಿ ಕಳೆದು ರೈತನ ಕೈಗೆ ಪಟ್ಟಿ ಕೊಡಬೇಕು. ಕಂಪ್ಯೂಟರ್ ಇರೋದು ಚೀಲಗಳ ಪಕ್ಕದಲ್ಲೇ. ಕೀಬೋರ್ಡ್ ಮೇಲೆ ಜೋಳದ ಧೂಳು. ಯುಪಿಎಸ್ ಅಂತೂ ಇರುತ್ತದೆ, ಆದರೆ ಅದರ ಬ್ಯಾಟರಿ ಯಾವತ್ತೋ ಸತ್ತಿರುತ್ತದೆ. ಸೀಸನ್‌ನಲ್ಲಿ ಕರೆಂಟ್ ಹೋಗುವುದಕ್ಕೆ ಮುಹೂರ್ತ ಬೇಕಿಲ್ಲ.

ಕ್ಯೂಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಸಿ ಪ್ಲಸ್ ಪ್ಲಸ್‌ನಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುವ ಫ್ರೇಮ್‌ವರ್ಕ್. ನಾರ್ವೆಯ ಟ್ರೋಲ್‌ಟೆಕ್ ಕಂಪನಿ ಶುರು ಮಾಡಿದ್ದು, 1995ರಲ್ಲಿ ಮೊದಲ ಬಾರಿ ಹೊರಬಂತು. 2008ರಲ್ಲಿ ನೋಕಿಯಾ ಕೊಂಡಿತು, ಆಮೇಲೆ ಡಿಜಿಯಾ ಕೈಗೆ ಹೋಯಿತು, ಈಗ ದಿ ಕ್ಯೂಟ್ ಕಂಪನಿ ನೋಡಿಕೊಳ್ಳುತ್ತಿದೆ. ವಿಎಲ್‌ಸಿ ಪ್ಲೇಯರ್ ನೋಡಿದ್ದೀರಲ್ವಾ, ವಿಂಡೋಸ್, ಲಿನಕ್ಸ್‌ನಲ್ಲಿ ಅದರ ಮುಖ ಕ್ಯೂಟ್‌ನದ್ದೇ. ಪೈಥಾನ್ ಬರುವವರು ಪೈಸೈಡ್6 ಅನ್ನೋ ಕೊಂಡಿ ಹಾಕಿಕೊಂಡು ಇವೇ ಕ್ಲಾಸುಗಳನ್ನು ಬಳಸಬಹುದು.

ಈಗ ಕ್ಯೂಸೇವ್‌ಫೈಲ್ ವಿಷಯಕ್ಕೆ ಬರೋಣ.

ಒಂದು ಅಂಗಡಿಯಲ್ಲಿ ನನಗಿಂತ ಮುಂಚೆ ಯಾರೋ ಮಾಡಿಕೊಟ್ಟಿದ್ದ ಪ್ರೋಗ್ರಾಂ ಇತ್ತು. ಪಟ್ಟಿ ಸೇವ್ ಆಗುವ ಹೊತ್ತಿಗೇ ಕರೆಂಟ್ ಹೋಯಿತು. ವಾಪಸ್ ಬಂದ ಮೇಲೆ ನೋಡಿದರೆ ಖಾತೆ ಫೈಲ್ ಸೊನ್ನೆ ಬೈಟ್. ಹೆಸರು ಇದೆ, ಒಳಗೆ ಏನೂ ಇಲ್ಲ. ವಯಸ್ಸಾದ ಗುಮಾಸ್ತರು ನನ್ನನ್ನೇ ನೋಡಿ ಹೇಳಿದರು: "ಅಲ್ಲಪ್ಪಾ ತಮ್ಮಾ, ನಮ್ ಕೆಂಪು ಪುಸ್ತಕ ಆಗಿದ್ರೆ ಕರೆಂಟ್ ಹೋದ್ರೆ ಅಕ್ಷರನೂ ಹೋಗ್ತಿತ್ತೇನು?" ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಇದು ಆಗುವುದು ಹೀಗೆ. ಇರುವ ಫೈಲನ್ನು 'ರೈಟ್‌ಓನ್ಲಿ' (ಬರೆಯಲು ಮಾತ್ರ) ಅಂತ ಓಪನ್ ಮಾಡಿದ ಕ್ಷಣವೇ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಹೊಸದನ್ನು ಬರೆಯುವುದು ಅದಾದ ಮೇಲೆ. ನಡುವೆ ಮಷಿನ್ ಆಫ್ ಆದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕ್ಯೂಟ್‌ನ ಸಾಮಾನ್ಯ ಕ್ಯೂಫೈಲ್ ಕೂಡ ಹೀಗೇ. ಪೈಥಾನ್‌ನ ಓಪನ್ ಹೀಗೇ, ಜಾವಾಸ್ಕ್ರಿಪ್ಟ್ ಬರೆಯುವವರ ನೋಡ್‌ನ ರೈಟ್‌ಫೈಲ್ ಹೀಗೇ. ಯಾವ ಭಾಷೆಯನ್ನೂ ಬೈದು ಪ್ರಯೋಜನವಿಲ್ಲ.

ಕ್ಯೂಟ್ 5.1ರಲ್ಲಿ ಬಂದ ಕ್ಯೂಸೇವ್‌ಫೈಲ್ ಬೇರೆ ದಾರಿ ಹಿಡಿಯುತ್ತದೆ. ಮಂಡಿಯಲ್ಲಿ ಮೊದಲು ಕಚ್ಚಾ ಚೀಟಿ ಬರೆದು, ಎಲ್ಲ ತಾಳೆಯಾದ ಮೇಲೆ ಪಕ್ಕಾ ಪುಸ್ತಕಕ್ಕೆ ಏರಿಸುವುದಿಲ್ಲವೇ, ಹಾಗೆ. ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಫೈಲ್ ಮಾಡಿಕೊಂಡು ಅದರಲ್ಲಿ ಬರೆಯುತ್ತದೆ. ನೀವು 'ಕಮಿಟ್' ಅಂದಾಗ ಡಿಸ್ಕಿಗೆ ಒತ್ತಿ ಬರೆಸಿ, ಹಳೆಯ ಫೈಲಿನ ಜಾಗಕ್ಕೆ ಇದನ್ನು ಹೆಸರು ಬದಲಿಸಿ ಕೂರಿಸುತ್ತದೆ. ನಡುವೆ ಬರೆಯುವಾಗ ಒಂದೇ ಒಂದು ತಪ್ಪಾಗಿದ್ದರೂ, ಡಿಸ್ಕ್ ತುಂಬಿದ್ದರೂ, ಕಮಿಟ್ ಒಪ್ಪುವುದಿಲ್ಲ. ತಾತ್ಕಾಲಿಕ ಫೈಲನ್ನು ಬಿಸಾಕಿ 'ಆಗಲಿಲ್ಲ' ಅಂತ ಹೇಳುತ್ತದೆ. ಹಳೆಯ ಖಾತೆ ಹಾಗೇ ಉಳಿಯುತ್ತದೆ.

ನಾನು ಸುಮ್ನೆ ನಂಬಲಿಲ್ಲ. ಒಂದು ಹಳೆಯ ಮಷಿನ್ನಿಗೆ ದೊಡ್ಡ ಫೈಲನ್ನು ಬಿಡದೆ ಸೇವ್ ಮಾಡುತ್ತಲೇ ಇರುವ ಪ್ರೋಗ್ರಾಂ ಹಾಕಿ, ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುತ್ತಾ ಹೋದೆ. ಕ್ಯೂಫೈಲ್ ಬಳಸಿದಾಗ ಫೈಲ್ ಅರ್ಧ ಕತ್ತರಿಸಿ ಹೋಗಿದ್ದು ಕಣ್ಣಾರೆ ಕಂಡೆ. ಕ್ಯೂಸೇವ್‌ಫೈಲ್ ಹಾಕಿದಾಗ ಪ್ರತಿ ಸಲವೂ ಸಿಕ್ಕಿದ್ದು ಒಂದೋ ಪೂರ್ತಿ ಹಳೆಯದು, ಇಲ್ಲಾ ಪೂರ್ತಿ ಹೊಸದು. ಪಕ್ಕದಲ್ಲಿ ಮಾತ್ರ ಖಾತೆಯ ಹೆಸರಿನ ಹಿಂದೆ ಅರ್ಥವಿಲ್ಲದ ನಾಲ್ಕಾರು ಅಕ್ಷರ ಅಂಟಿಸಿಕೊಂಡ ತಾತ್ಕಾಲಿಕ ಫೈಲುಗಳು ಅನಾಥವಾಗಿ ಬಿದ್ದಿದ್ದವು. ಕರೆಂಟೇ ಹೋದಾಗ ಅವನ್ನು ಅಳಿಸಲು ಪ್ರೋಗ್ರಾಂ ಬದುಕಿರುವುದಿಲ್ಲವಲ್ಲ. ಶುರುವಾಗುವಾಗಲೇ ಅಂಥವನ್ನು ಗುಡಿಸಿ ಹಾಕುವ ಕೋಡ್ ನಾವೇ ಬರೆದುಕೊಳ್ಳಬೇಕು. ಇನ್ನು ಡಿಸ್ಕೇ 'ಬರೆದೆ' ಅಂತ ಸುಳ್ಳು ಹೇಳಿದರೆ ಯಾವ ಫ್ರೇಮ್‌ವರ್ಕೂ ಏನೂ ಮಾಡಲಾಗದು.

ಇದಕ್ಕೂ ಮಿತಿ ಇದೆ. ಇರುವ ಫೈಲಿನ ಕೊನೆಗೆ ಒಂದು ಸಾಲು ಸೇರಿಸುತ್ತೇನೆ ಅಂದರೆ ಕ್ಯೂಸೇವ್‌ಫೈಲ್ ಒಪ್ಪುವುದಿಲ್ಲ, 'ಅಪೆಂಡ್' ಇದರಲ್ಲಿ ಇಲ್ಲ. ಇಡೀ ಫೈಲನ್ನೇ ಮತ್ತೆ ಬರೆಯಬೇಕು. ಒಂದು ದಿನದ ಪಟ್ಟಿಗಳಿಗೆ ಇದು ಲೆಕ್ಕಕ್ಕೇ ಇಲ್ಲ. ವರ್ಷಗಟ್ಟಲೆಯ ಖಾತೆಯನ್ನು ಒಂದೇ ಫೈಲಿನಲ್ಲಿ ಇಡುವವರು ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸಿಗೆ ಹೋಗುವುದೇ ಸರಿ. ಅದರ ಡ್ರೈವರ್ ಕ್ಯೂಟ್ ಜೊತೆಗೇ ಬರುತ್ತದೆ. ಇನ್ನೊಂದು, ಹೊಸ ಫೈಲ್ ಮಾಡಲು ಅನುಮತಿ ಇಲ್ಲದ ಫೋಲ್ಡರ್ ಆದರೆ ಓಪನ್ನೇ ಆಗುವುದಿಲ್ಲ. ಆಗ ನೇರವಾಗಿ ಬರೆ ಅಂತ ಹೇಳಲು ಒಂದು ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ಮೇಲೆ ಹೇಳಿದ ಕಾವಲು ಅಷ್ಟೂ ಹೋಯಿತು ಅಂತಲೇ ಅರ್ಥ.

ಕನ್ನಡ ವಿಷಯದಲ್ಲಿ ಕ್ಯೂಟ್ 5 ಮತ್ತು 6ರ ನಡುವೆ ಅಜಗಜಾಂತರ. ಹಳೆಯ 5ರಲ್ಲಿ ಟೆಕ್ಸ್ಟ್ ಓದಿ ಬರೆಯುವ ಕ್ಲಾಸ್ ಆದ ಕ್ಯೂಟೆಕ್ಸ್ಟ್‌ಸ್ಟ್ರೀಮ್ ತಾನಾಗಿ ಆರಿಸಿಕೊಳ್ಳುತ್ತಿದ್ದದ್ದು ಆ ಕಂಪ್ಯೂಟರಿನ ಲೋಕಲ್ ಎನ್‌ಕೋಡಿಂಗನ್ನು, ಅಂದರೆ ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿಯನ್ನು. ನಮ್ಮ ಕಡೆಯ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 1252. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 'ಹನುಮಂತಪ್ಪ' ಅಂತ ಬರೆದರೆ ಫೈಲಿನಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆಗಳು. ಪರದೆಯ ಮೇಲೆ ಮಾತ್ರ ಎಲ್ಲ ಸರಿಯಾಗೇ ಕಾಣುತ್ತಿರುತ್ತದೆ, ಪ್ರೋಗ್ರಾಂ ಮುಚ್ಚಿ ತೆಗೆದಾಗಲೇ ಬಂಡವಾಳ ಬಯಲು. ಎಲ್ಲ ಭಾಷೆಗೂ ಜಾಗವಿರುವ ಯುಟಿಎಫ್-8 ಎನ್‌ಕೋಡಿಂಗ್ ಬೇಕು ಅಂತ ಕೈಯಾರೆ ಹೇಳಬೇಕಿತ್ತು. 2020ರ ಡಿಸೆಂಬರಿನಲ್ಲಿ ಬಂದ ಕ್ಯೂಟ್ 6ರಲ್ಲಿ ಯುಟಿಎಫ್-8 ಏನೂ ಹೇಳದಿದ್ದರೂ ಸಿಗುತ್ತದೆ. ಎನ್‌ಕೋಡಿಂಗ್ ಹೇಳುವ ಹಳೆಯ ಆಜ್ಞೆ 'ಸೆಟ್‌ಕೋಡೆಕ್' ತೆಗೆದು 'ಸೆಟ್‌ಎನ್‌ಕೋಡಿಂಗ್' ಕೊಟ್ಟಿದ್ದಾರೆ. ಹಳೆಯ ಕೋಡ್ ಕಂಪೈಲ್ ಆಗದೆ ನಿಲ್ಲುತ್ತದೆ, ಅದು ಒಳ್ಳೆಯದೇ. ಸದ್ದಿಲ್ಲದೆ ಕೆಡುವುದಕ್ಕಿಂತ ಕಿರುಚಿ ನಿಲ್ಲಲಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳಿಗೆ ಮಾತ್ರ ಕ್ಯೂಟ್ ಏನೂ ಮಾಡುವುದಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳು ಕೂತಿರುತ್ತವೆ. ಪರಿವರ್ತಕ ಬೇರೆಯೇ ಬೇಕು.

ಎಕ್ಸೆಲ್ ಬಳಸುವ ಲೆಕ್ಕಿಗರಿಗೆ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಟೆಕ್ಸ್ಟ್ ಫೈಲ್) ಕೊಡುವವರು ಒಂದು ವಿಷಯ ನೆನಪಿಡಿ. ಬರೀ ಯುಟಿಎಫ್-8 ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಕನ್ನಡವನ್ನು ಕಲಸುಮೇಲೋಗರ ಮಾಡಿ ತೋರಿಸುತ್ತದೆ. ಸ್ಟ್ರೀಮಿಗೆ 'ಸೆಟ್‌ಜನರೇಟ್‌ಬೈಟ್‌ಆರ್ಡರ್‌ಮಾರ್ಕ್' ಅನ್ನು ಟ್ರೂ ಮಾಡಿ. ಫೈಲಿನ ತಲೆಗೆ ಮೂರು ಬೈಟ್ ಗುರುತು ಬೀಳುತ್ತದೆ, ಎಕ್ಸೆಲ್ ತೆಪ್ಪಗೆ ಓದುತ್ತದೆ.

ಕಾಲಂ ಜೋಡಿಸುವ ವಿಷಯದಲ್ಲಿ ನನ್ನ ದೂರು ಇದೆ. ಟೆಕ್ಸ್ಟ್ ಫೈಲಿನಲ್ಲಿ ಹೆಸರು, ಚೀಲ, ಕ್ವಿಂಟಲ್, ಮೊತ್ತ ಅಂತ ನೆಟ್ಟಗೆ ಸಾಲು ಹಿಡಿಸಲು 'ಸೆಟ್‌ಫೀಲ್ಡ್‌ವಿಡ್ತ್' ಇದೆ. ಇಂಗ್ಲಿಷಿಗೆ ಸರಿ. ಕನ್ನಡಕ್ಕೆ? 'ತಿಪ್ಪೇಸ್ವಾಮಿ' ಅನ್ನೋ ಹೆಸರು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ತಿ, ಪ್ಪೇ, ಸ್ವಾ, ಮಿ. ಕ್ಯೂಟ್ ಎಣಿಸುವುದು ಯುನಿಕೋಡ್ ಚೂರುಗಳನ್ನು. ಗುಣಿತ, ವಿರಾಮ, ಒತ್ತು ಎಲ್ಲ ಸೇರಿ ಹನ್ನೆರಡು. 'ರಮೇಶ' ಕಣ್ಣಿಗೆ ಮೂರು, ಕ್ಯೂಟ್‌ಗೆ ನಾಲ್ಕು. ಎರಡಕ್ಕೂ ಹದಿನೈದರ ಅಗಲ ಕೊಟ್ಟರೆ ರಮೇಶನಿಗೆ ಹನ್ನೊಂದು ಸ್ಪೇಸ್, ತಿಪ್ಪೇಸ್ವಾಮಿಗೆ ಮೂರೇ. ಮೊತ್ತದ ಕಾಲಂ ಕುಡಿದವನ ನಡಿಗೆ. ಪಟ್ಟಿ ಪ್ರಿಂಟ್ ಮಾಡೋಕೆ ಟೆಕ್ಸ್ಟ್ ಫೈಲ್ ಬಿಟ್ಟು ಪಿಡಿಎಫ್‌ಗೆ ಹೋಗಿ, ಅಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ ಕಾಲಂ ಕೂರಿಸಬಹುದು. ಹೇಳುವುದು ಮರೆತೆ, ಆ ಅಗಲ ಒಮ್ಮೆ ಹಾಕಿದರೆ ಮುಂದಿನ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ವಾಪಸ್ ಸೊನ್ನೆ ಮಾಡೋವರೆಗೂ ಬಿಡುವುದಿಲ್ಲ.

ಬೈಟ್ ಲೆಕ್ಕದಲ್ಲಿ ಓದುವವರಿಗೂ ಇದೇ ಎಚ್ಚರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚೂರಿಗೂ ಮೂರು ಬೈಟ್. ತಿಪ್ಪೇಸ್ವಾಮಿ ಅಂದರೆ ಮೂವತ್ತಾರು ಬೈಟ್. ದೊಡ್ಡ ಫೈಲನ್ನು ತುಂಡು ತುಂಡಾಗಿ ಓದಿ, ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಕ್ಯೂಸ್ಟ್ರಿಂಗ್ (ಕ್ಯೂಟ್‌ನಲ್ಲಿ ಅಕ್ಷರಗಳ ಸಾಲು) ಮಾಡಿದರೆ ತುಂಡಿನ ಅಂಚಿನಲ್ಲಿ ಅಕ್ಷರ ಒಡೆಯುತ್ತದೆ. ಕ್ಯೂಟೆಕ್ಸ್ಟ್‌ಸ್ಟ್ರೀಮ್ ಮೂಲಕ ಸಾಲು ಸಾಲಾಗಿ ಓದಿ, ಅದು ಆ ಅಂಚನ್ನು ತಾನೇ ನೋಡಿಕೊಳ್ಳುತ್ತದೆ.

ವೇಬ್ರಿಡ್ಜ್ ಕಂಪ್ಯೂಟರ್ ತೂಕವನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆಯುವ ಕಡೆ, ಆ ಫೈಲ್ ಬದಲಾದ ತಕ್ಷಣ ನನ್ನ ಪ್ರೋಗ್ರಾಂಗೆ ಗೊತ್ತಾಗಬೇಕು. ಇದಕ್ಕೆ ಕ್ಯೂಫೈಲ್‌ಸಿಸ್ಟಮ್‌ವಾಚರ್ ಇದೆ. ಕೆಲಸ ಮಾಡುತ್ತದೆ, ಆದರೆ ಒಂದು ತಿರುವು ಇದೆ. ಕಾಯುತ್ತಿರುವ ಫೈಲನ್ನು ಯಾರಾದರೂ ಅಳಿಸಿದರೆ ಅಥವಾ ಹೆಸರು ಬದಲಿಸಿದರೆ ಕಾಯುವುದನ್ನೇ ಬಿಟ್ಟುಬಿಡುತ್ತದೆ. ಅದೇ ಹೆಸರಿನ ಹೊಸ ಫೈಲ್ ಬಂದರೂ ಸುದ್ದಿ ಬರುವುದಿಲ್ಲ. ಆ ಕಡೆಯವರು ಹಳೆಯದನ್ನು ಅಳಿಸಿ ಹೊಸದು ಬರೆಯುವವರಾದರೆ ಮೊದಲ ಲಾರಿ ತೂಕ ಬರುತ್ತದೆ, ಎರಡನೆಯದು ಬರುವುದಿಲ್ಲ. ಫೈಲಿನ ಜೊತೆ ಫೋಲ್ಡರನ್ನೂ ಕಾಯಲು ಹಾಕಿ, ಫೋಲ್ಡರ್ ಅಲುಗಿದಾಗಲೆಲ್ಲ ಫೈಲನ್ನು ಮತ್ತೆ ಸೇರಿಸಿ. ಸುದ್ದಿ ಬಂದ ಕೂಡಲೇ ಓದಬೇಡಿ, ಆ ಕಡೆ ಇನ್ನೂ ಬರೆಯುತ್ತಲೇ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಓದಿದರೆ 'ಕ್ವಿಂಟಲ್' ಅನ್ನೋದರ ಮುಂದೆ ಅರ್ಧ ಸಂಖ್ಯೆ ಸಿಗುವ ತಾಪತ್ರಯ ಇರುವುದಿಲ್ಲ.

ತಪ್ಪುಗಳನ್ನು ತಿಳಿಸುವ ರೀತಿ ನನಗೆ ಹಿಡಿಸಿಲ್ಲ. ಕ್ಯೂಟ್ ಎಕ್ಸೆಪ್ಶನ್ (ಪ್ರೋಗ್ರಾಂ ತಡೆದು ನಿಲ್ಲಿಸುವ ತಪ್ಪಿನ ಸೂಚನೆ) ಎಸೆಯುವುದಿಲ್ಲ. ಓಪನ್ ಆಗಲಿಲ್ಲ ಅಂದರೆ ಫಾಲ್ಸ್, ಬರೆಯಲಾಗಲಿಲ್ಲ ಅಂದರೆ ಮೈನಸ್ ಒಂದು. ನೀವು ನೋಡಿದರೆ ಉಂಟು, ನೋಡದಿದ್ದರೆ ಇಲ್ಲ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಿಟ್ಟುಕೊಂಡೇ ಗುಮಾಸ್ತರು 'ಎಕ್ಸ್‌ಪೋರ್ಟ್' ಒತ್ತುತ್ತಾರೆ, ಇದು ದಿನಾ ನಡೆಯೋದು. ಎಕ್ಸೆಲ್ ಫೈಲನ್ನು ಬಿಗಿಯಾಗಿ ಹಿಡಿದಿರುತ್ತದೆ, ಕಮಿಟ್ ಫಾಲ್ಸ್ ಕೊಡುತ್ತದೆ. ಅದನ್ನು ಕೇಳಿಸಿಕೊಳ್ಳದ ಪ್ರೋಗ್ರಾಂ 'ಸೇವ್ ಆಯಿತು' ಅಂತ ಹಸಿರು ಸಂದೇಶ ತೋರಿಸುತ್ತದೆ. ನನ್ನ ಪ್ರೋಗ್ರಾಂನಲ್ಲಿ 'ಎಕ್ಸೆಲ್ ಮುಚ್ಚಿ ಮತ್ತೆ ಒತ್ತಿ' ಅಂತ ಕನ್ನಡದಲ್ಲೇ ಬರುತ್ತದೆ. ಕ್ಯೂಟ್ ಕೊಡುವ 'ಎರರ್‌ಸ್ಟ್ರಿಂಗ್' ಸಂದೇಶ ಇಂಗ್ಲಿಷಿನದ್ದು, ಅಂಗಡಿಯವರಿಗೆ ಅದರಿಂದ ಏನೂ ತಿಳಿಯದು.

ಕ್ಯೂಡೇಟಾಸ್ಟ್ರೀಮ್ ಬಗ್ಗೆ ಜಾಸ್ತಿ ಹೇಳಲ್ಲ. ಬೈನರಿ (ಕಣ್ಣಿಗೆ ಓದಲಾಗದ ರೂಪ), ಬೇಗ. ಬರೆಯುವಾಗ ಮತ್ತು ಓದುವಾಗ 'ಸೆಟ್‌ವರ್ಷನ್' ಒಂದೇ ಇಡಿ, ಇಲ್ಲದಿದ್ದರೆ ಕ್ಯೂಟ್ ಆವೃತ್ತಿ ಬದಲಾದ ದಿನ ಹಳೆಯ ಫೈಲ್ ಓದದೆ ಹೋಗಬಹುದು. ನಾನಂತೂ ಟೆಕ್ಸ್ಟೇ ಇಡುವುದು. ಏನಾದರೂ ಆದರೆ ಫೋನಿನಲ್ಲಿ "ನೋಟ್‌ಪ್ಯಾಡಲ್ಲಿ ತೆಗೀರಿ ಸಾವ್ಕಾರ್ರೇ, ಕೊನೇ ಸಾಲು ಓದಿ ಹೇಳಿ" ಅನ್ನಬಹುದು. ಹಾಗೆ ಅನ್ನಬೇಕಾದರೆ ಓಪನ್ ಮಾಡುವಾಗ 'ಟೆಕ್ಸ್ಟ್' ಗುರುತು ಸೇರಿಸಿ, ವಿಂಡೋಸ್‌ನ ಸಾಲಿನ ಕೊನೆ ಸರಿಯಾಗಿ ಬೀಳುತ್ತದೆ. 2018ಕ್ಕಿಂತ ಹಿಂದಿನ ನೋಟ್‌ಪ್ಯಾಡಿಗೆ ಲಿನಕ್ಸ್ ಶೈಲಿಯ ಸಾಲು ಗೊತ್ತಾಗುವುದಿಲ್ಲ, ಎಲ್ಲ ಒಂದೇ ಸಾಲಾಗಿ ಉರುಳುತ್ತದೆ. ಯಾರ್ಡಿನಲ್ಲಿ ವಿಂಡೋಸ್ 7 ಇನ್ನೂ ಜೀವಂತ.

ದುಡ್ಡಿನ ವಿಷಯ. ಎಲ್‌ಜಿಪಿಎಲ್ ಅನ್ನೋ ಮುಕ್ತ ತಂತ್ರಾಂಶದ ಲೈಸೆನ್ಸಿನಲ್ಲಿ ಕ್ಯೂಟ್ ಪುಕ್ಕಟೆ ಸಿಗುತ್ತದೆ, ಮಾರುವ ಪ್ರೋಗ್ರಾಂಗೂ ಬಳಸಬಹುದು. ಕ್ಯೂಟ್‌ನ ಡಿಎಲ್‌ಎಲ್‌ಗಳನ್ನು (ಅದರ ಕೋಡ್ ಇರುವ ಫೈಲುಗಳನ್ನು) ಪ್ರೋಗ್ರಾಂ ಒಳಗೆ ಬೆಸೆಯದೆ ಪಕ್ಕದಲ್ಲಿಟ್ಟು ಕೊಡಿ, ಷರತ್ತು ಪಾಲಿಸಲು ಅದೇ ಸುಲಭದ ದಾರಿ. ಲೈಸೆನ್ಸಿನ ಪ್ರತಿಯನ್ನೂ ಜೊತೆಗಿಡಿ. ಕೆಲವು ಮಾಡ್ಯೂಲುಗಳು ಎಲ್‌ಜಿಪಿಎಲ್‌ನಲ್ಲಿ ಇಲ್ಲ, ಆದರೆ ಫೈಲ್ ಕ್ಲಾಸುಗಳೆಲ್ಲ ಕ್ಯೂಟ್ ಕೋರ್‌ನಲ್ಲೇ ಇರುವುದರಿಂದ ನಮ್ಮಂಥವರಿಗೆ ಚಿಂತೆಯಿಲ್ಲ. 2020ರಿಂದ ಆನ್‌ಲೈನ್ ಇನ್‌ಸ್ಟಾಲರಿಗೆ ಖಾತೆ ತೆರೆದು ಲಾಗಿನ್ ಆಗಬೇಕು, ಅದೊಂದು ಕಿರಿಕಿರಿ. ಎಲ್ಲದಕ್ಕೂ ಟಿಕ್ ಹಾಕಿದರೆ ಗಿಗಾಬೈಟ್‌ಗಟ್ಟಲೆ ಇಳಿಯುತ್ತದೆ, ನಿಮಗೆ ಬೇಕಾದ ಒಂದು ಕಂಪೈಲರಿನ ಕಿಟ್ ಮಾತ್ರ ಆರಿಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ, ಅರ್ಧ ಆ ಕಾಲಂ ಅಗಲಕ್ಕೆ, ಅರ್ಧ ಸದ್ದಿಲ್ಲದ ಫಾಲ್ಸ್‌ಗೆ. ಇನ್ನೂ ಕ್ಯೂಟ್ 5ರಲ್ಲೇ ಇರುವವರು 6ಕ್ಕೆ ಹೋಗುವ ಮೊದಲು ಗ್ರಾಹಕರ ಹತ್ತಿರ ಇರುವ ಫೈಲುಗಳು ಯಾವ ಎನ್‌ಕೋಡಿಂಗಿನಲ್ಲಿವೆ ಅಂತ ಒಮ್ಮೆ ನೋಡಿ. 1252ರಲ್ಲಿ ಬರೆದ ಫೈಲಿನಲ್ಲಿ ಬರೀ ಇಂಗ್ಲಿಷ್ ಇದ್ದರೆ ತೊಂದರೆಯಿಲ್ಲ. ಪೌಂಡ್, ಡಿಗ್ರಿ ಥರದ ಚಿಹ್ನೆ ಇದ್ದರೆ 6 ಅದನ್ನು ಯುಟಿಎಫ್-8 ಅಂದುಕೊಂಡು ಓದಿ ಕೆಡಿಸುತ್ತದೆ. ಅಂಥ ಫೈಲನ್ನು ಹಳೆಯ ಆವೃತ್ತಿಯಲ್ಲೇ ತೆರೆದು, ಯುಟಿಎಫ್-8 ಮಾಡಿ ಸೇವ್ ಮಾಡಿಕೊಂಡೇ ಮುಂದಕ್ಕೆ ಹೋಗಿ.